ಬಾಯ್ಲರಿಗೆ ಬೆಳಗಿದ ಆರತಿ

ಇಳಕಲ್ಲಿಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ನನಗೆ ಆ ಊರಿನ ನೀರಿನೊಡನೆ ಜಗಳ ಶುರುವಾಯಿತು. ನನ್ನ ತವರು ಬಾದಾಮಿ ಹತ್ತಿರದ ಚೊಳಚಗುಡ್ಡ. ನಮ್ಮ ಬಾವಿಯ ನೀರಿನಲ್ಲಿ ಬೇಳೆ ಇಟ್ಟು, ಪಕ್ಕದ ಮನೆಯವರೊಡನೆ ನಾಲ್ಕು ಮಾತಾಡಿ ಬರುವುದರೊಳಗೆ ಅದು ಬೆಂದಿರುತ್ತಿತ್ತು. ಇಲ್ಲಿ ಒಲೆಯ ಮುಂದೆ ಕೂತು ಸೊಂಟ ನೋಯುತ್ತಿತ್ತೇ ಹೊರತು ಬೇಳೆ ಬೇಯುತ್ತಿರಲಿಲ್ಲ. ಸಬಕಾರ ನೊರೆ ಕೊಡುತ್ತಿರಲಿಲ್ಲ. ಬಚ್ಚಲಿನ ತಾಮ್ರದ ಹಂಡೆಯ ಒಳಗಂತೂ ಸುಣ್ಣ ಬಳಿದ ಹಾಗೆ ಬಿಳಿ ಪದರು ಕೂರುತ್ತಿತ್ತು. ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ನನ್ನ ಉಗುರು ಸವೆದವು. ಕೆಲವು ದಿನ ಬಿಟ್ಟು ನೋಡಿದರೆ ಮತ್ತೆ ಅದೇ ಬಿಳಿ.

“ಎಂಥಾ ಊರಿಗೆ ಕೊಟ್ರೋ ನನ್ನ! ನಿಮ್ಮೂರಾಗ ನೀರು ಕುಡೀತೀರೋ, ಸುಣ್ಣ ಕುಡೀತೀರೋ?” ಎಂದು ಗಂಡನ ಮುಂದೆ ರೇಗಾಡಿದೆ.

ಅವರು ನಕ್ಕರು. “ನಿನ್ನ ಹಂಡೇವಿಂದು ಏನ್ ದೊಡ್ಡ ಮಾತು? ನನ್ನ ಹಂಡೇವು ನೋಡ್ಬಾ ಒಮ್ಮಿ.”

ಅವರ ಹಂಡೆ ಎಂದರೆ ಬಾಯ್ಲರು. ಊರ ಹೊರಗಿನ ಒಂದು ನೂಲು ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವರು ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅಡ್ಡ ಮಲಗಿಸಿದ ದೊಡ್ಡ ಕಬ್ಬಿಣದ ಪೀಪಾಯಿ, ಅದರೊಳಗೆ ಕೊಳವೆಗಳು. ಕೊಳವೆಯ ಒಳಗೆ ಬೆಂಕಿ, ಹೊರಗೆ ನೀರು. ಅಲ್ಲಿಂದ ಹೊರಟ ಹಬೆ ಬಣ್ಣದ ತೊಟ್ಟಿಗಳನ್ನು ಕುದಿಸುತ್ತಿತ್ತು. ಆ ತೊಟ್ಟಿಗಳಿಂದೆದ್ದ ನೂಲು ಮಗ್ಗಗಳಿಗೆ ಹೋಗಿ ಸೀರೆಯಾಗುತ್ತಿತ್ತು. ಕಾರ್ಖಾನೆಯ ಅಂಗಳದಲ್ಲೇ ನಮಗೊಂದು ಸಣ್ಣ ಮನೆ ಕೊಟ್ಟಿದ್ದರು. ನಾವು ಮೂವರೇ: ಇವರು, ಇವರ ತಾಯಿ, ನಾನು. ನಾನು ಹತ್ತಿರದ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಗಂಡನ ಹೆಸರು ಹೇಳಬಾರದೆಂಬ ಕಾಲ ಅದು. ಕಾಲ ಹೋಯಿತು, ರೂಢಿ ಉಳಿಯಿತು, ಇಲ್ಲಿಯೂ ಹೇಳುವುದಿಲ್ಲ.

ಆ ಬಾಯ್ಲರಿನ ಕೊಳವೆಗಳ ಮೇಲೆ ಕೂತ ಬಿಳಿ ಪದರಿಗೆ ಅವರು ಚಕ್ಕೆ ಎನ್ನುತ್ತಿದ್ದರು. ಚಕ್ಕೆ ದಪ್ಪಗಾದಂತೆ ಬೆಂಕಿಯ ಕಾವು ನೀರಿಗೆ ದಾಟುವುದಿಲ್ಲ. ಗಾಡಿಗಟ್ಟಲೆ ಕಟ್ಟಿಗೆ ಒಟ್ಟಿದರೂ ಹಬೆ ಏಳುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ದೀಪಾವಳಿಗೆ ಕಾರ್ಖಾನೆ ನಿಂತಾಗ, ಎದೆಯೆತ್ತರದಲ್ಲಿದ್ದ ಬಾಯಿಯ ಮುಚ್ಚಳ ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಒಳಗೆ ನುಗ್ಗಿ ಚಕ್ಕೆ ಕೆತ್ತುತ್ತಿದ್ದರು. ಹೊರಗೆ ಬಂದಾಗ ಹಿಟ್ಟಿನ ಗಿರಣಿಯವರಂತೆ ಮೈಯೆಲ್ಲ ಬೆಳ್ಳಗೆ. ನನಗೆಂದು ಒಂದಿಷ್ಟು ಚಕ್ಕೆ ತಂದುಕೊಡುತ್ತಿದ್ದರು. ಶಾಲೆಯಲ್ಲಿ ಬಳಪ ಮುಗಿದಾಗ ನಾನು ಅದರಿಂದಲೇ ಹಲಗೆಯ ಮೇಲೆ ಬರೆದದ್ದುಂಟು. ಇಳಕಲ್ಲಿನ ನೀರಿನಿಂದ ನನಗೆ ಆದ ಉಪಕಾರ ಅದೊಂದೇ.

ಇನ್ನು ಅತ್ತೆಯ ಮಾತು ಹೇಳಬೇಕು. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಯಾವಾಗಲೂ “ಬಸವಾ, ಬಸವಾ”. ಬಸವಣ್ಣನ ಒಕ್ಕಲಿನಲ್ಲಿ ಗಂಡ ಸತ್ತವಳಿಗೆ ಮೈಲಿಗೆಯಿಲ್ಲ ಎಂದು ಎಲ್ಲರೂ ಬಾಯಿ ಮಾತಿಗೆ ಅನ್ನುತ್ತಿದ್ದರು. ಮದುವೆ ಮನೆಯಲ್ಲಿ ಆರತಿ ತಟ್ಟೆ ಎತ್ತುವ ಹೊತ್ತಿಗೆ ಮಾತ್ರ ಯಾರೂ ಅತ್ತೆಯ ಕಡೆ ನೋಡುತ್ತಿರಲಿಲ್ಲ. ಅತ್ತೆಗೆ ದೀಪ ಅಂದರೆ ಜೀವ. ನಾನು ಒಮ್ಮೆ “ದೀಪ ಆರಿತು” ಎಂದದ್ದಕ್ಕೆ ಬೈಸಿಕೊಂಡಿದ್ದೆ. “ಆರೂದು ಅನಬಾರದು ಹುಡಿಗಿ. ದೀಪ ಶಾಂತ ಆತು ಅನ್ನು.”

ತಾಯಿಯ ಈ ಸಂಕಟ ಮಗನಿಗೆ ಗೊತ್ತಿತ್ತು. ಅದಕ್ಕೇ ಅವರು ಬಾಯ್ಲರ್ ಕೆಲಸಕ್ಕೆ ಸೇರಿದ ವರ್ಷವೇ, “ಯವ್ವಾ, ನನ್ನ ಹಂಡೇವಿಗೆ ಆರತಿ ನೀನೇ ಮಾಡಬೇಕು,” ಎಂದು ಕರೆದುಕೊಂಡು ಹೋಗಿದ್ದರಂತೆ. ನಮ್ಮ ಕಡೆ ದೀಪಾವಳಿಯ ಮುನ್ನಾದಿನ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಹೊಸ ನೀರು ತುಂಬಿ, ಬಳ್ಳಿ ಸುತ್ತಿ ಪೂಜೆ ಮಾಡುತ್ತಾರೆ. ಮನೆಯ ಹಂಡೆಗೆ ನಾನು, ಕಾರ್ಖಾನೆಯ ಹಂಡೆಗೆ ಅತ್ತೆ. ಕೆತ್ತುವ ಕೆಲಸ ಮುಗಿದ ಸಂಜೆ ಅತ್ತೆ ಇಳಕಲ್ ಸೀರೆಯ ಸೆರಗು ಹೊದ್ದು, ಐದು ಬತ್ತಿಯ ಆರತಿ ಹಿಡಿದು ಬಾಯ್ಲರಿನ ತೆರೆದ ಬಾಯಿಗೆ ಬೆಳಗುವರು, ಆಮೇಲೆ ಪಕ್ಕದಲ್ಲಿ ನಿಂತ ಮಗನಿಗೆ ಬೆಳಗುವರು. ಇಡೀ ಊರಿನಲ್ಲಿ ಅವರ ಆರತಿಯನ್ನು ಬೇಡವೆನ್ನದವರು ಆ ಇಬ್ಬರೇ. ಕೂಲಿಯವರೂ ಕೈ ಮುಗಿಯುತ್ತಿದ್ದರು. ಅತ್ತೆ ಅವತ್ತೊಂದು ದಿನ ಎದೆ ಸೆಟೆಸಿ ನಡೆಯುವುದನ್ನು ನೋಡಿ ನಾನು ಮುಸಿಮುಸಿ ನಗುತ್ತಿದ್ದೆ.

ಎಂಬತ್ತರ ದಶಕ ಶುರುವಾದ ಮೇಲೆ ಕಾರ್ಖಾನೆಯ ಸಾಹುಕಾರರ ಕಿವಿಗೆ ಹೊಸ ಸುದ್ದಿ ಬಿತ್ತು. ಈಗ ಉಳಿ ಸುತ್ತಿಗೆ ಬೇಡವಂತೆ, ತೇಜಾಬು, ಅಂದರೆ ಆಸಿಡ್, ಹಾಕಿ ತೊಳೆದರೆ ಚಕ್ಕೆಯೆಲ್ಲ ಕರಗಿ ನೀರಾಗುತ್ತದಂತೆ. ಆ ವರ್ಷದ ದೀಪಾವಳಿಗೆ ಬಾಗಲಕೋಟೆಯಿಂದ ಒಬ್ಬರನ್ನು ಕರೆಸಿದರು. ಟೆಂಪೋದಲ್ಲಿ ಪ್ಲಾಸ್ಟಿಕ್ ಕ್ಯಾನುಗಳು, ಒಂದು ಸಣ್ಣ ಪಂಪು, ಸುರುಳಿ ಸುತ್ತಿದ ಪೈಪು ಬಂದವು. ಬಂದ ಮನುಷ್ಯ ನಡುವಯಸ್ಸಿನವರು, ಹಸನ್ಮುಖಿ, ಹಣೆಯ ಮೇಲೆ ನಮ್ಮಂತೆಯೇ ವಿಭೂತಿ. ಅತ್ತೆ ಅವರನ್ನು ತೇಜಾಬಿನಪ್ಪ ಎಂದು ಕರೆದರು. ಅದೇ ನಿಂತಿತು.

ತೇಜಾಬಿನಪ್ಪ ಅಂಗಳದಲ್ಲಿ ಎಲ್ಲರೆದುರು ಒಂದು ಆಟ ತೋರಿಸಿದರು. ಪಿಂಗಾಣಿ ಬಟ್ಟಲಿಗೆ ತೇಜಾಬು ಸುರಿದು ಅಂಗೈಯಗಲದ ಚಕ್ಕೆಯೊಂದನ್ನು ಬಿಟ್ಟರು. ಅದು ಬುಸುಬುಸು ನೊರೆಯೆದ್ದು, ನೋಡನೋಡುತ್ತ ಸಣ್ಣಗಾಗಿ, ಇಲ್ಲವೇ ಆಯಿತು. ನಾನು ಬಾಯಿ ತೆರೆದು ನಿಂತೆ. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು.

“ಬಸವಾ! ಕಲ್ಲು ನುಂಗಿತಲ್ಲೋ! ಕಬ್ಬಣಾ ನುಂಗೂದಿಲ್ಲೇನಪಾ ಇದು?”

“ಇಲ್ರಿ ಯವ್ವಾ, ಇದರಾಗ ಒಂದು ಔಷಧ ಬೆರಸ್ತೇವಿ. ಸುಣ್ಣ ತಿಂತೈತಿ, ಕಬ್ಬಣ ಬಿಡ್ತೈತಿ.”

ಆಮೇಲೆ ಅವರು ಒಂದು ಬುಟ್ಟಿ ಹಿಡಿದು ಕೂಲಿಯವರ ಮುಂದೆ ನಿಂತರು. “ನಾ ಹೇಳೂ ತನಕಾ ಬಾಯ್ಲರ್ ಮನಿ ಹತ್ರ ಯಾರೂ ಬೀಡಿ ಸೇದಬಾರದು. ಬೀಡಿ, ಕಡ್ಡಿಪೆಟ್ಟಿಗಿ ಎಲ್ಲಾ ಇದರಾಗ ಹಾಕ್ರಿ.” ಒಬ್ಬೊಬ್ಬರೇ ಗೊಣಗುತ್ತ ಹಾಕಿದರು. ನನ್ನ ಗಂಡನೂ ನನ್ನ ಕಣ್ಣು ತಪ್ಪಿಸಿ ಒಂದು ಕಟ್ಟು ಬೀಡಿ ಹಾಕಿದರು. ಬಿಟ್ಟಿದ್ದೇನೆ ಎಂದು ನನ್ನ ಮೇಲೆ ಆಣೆ ಇಟ್ಟಿದ್ದವರು ಅವರು! ಅತ್ತೆ ತಮ್ಮ ಸೊಂಟದಿಂದ ನಶ್ಯದ ಡಬ್ಬಿ ತೆಗೆದು, “ಇದನ್ನೂ ಹಾಕಬೇಕೇನಪಾ?” ಎಂದು ಕೇಳಿದರು. ಎಲ್ಲರೂ ಘೊಳ್ಳೆಂದು ನಕ್ಕರು. “ಅದರಾಗ ಬೆಂಕಿ ಇಲ್ಲಲ್ರಿ ಯವ್ವಾ, ನಿಮ್ಮ ಹತ್ರನ ಇರಲಿ,” ಎಂದರು ತೇಜಾಬಿನಪ್ಪ. ನಾನೂ ಹೊಟ್ಟೆ ಹಿಡಿದು ನಕ್ಕೆ.

ನೀರು ತುಂಬುವ ಹಬ್ಬದ ದಿನ ಬೆಳಗಿನಿಂದ ಪಂಪು ಗುರುಗುಟ್ಟುತ್ತ ತೇಜಾಬನ್ನು ಬಾಯ್ಲರಿನೊಳಗೆ ಸುತ್ತಿಸುತ್ತಿತ್ತು. ಅಂಗಳದ ತುಂಬ ಮೂಗು ಸುಡುವ ವಾಸನೆ. ನಾನು ಮನೆಯ ಹಂಡೆ ತಿಕ್ಕಿ, ಫಳಫಳ ಹೊಳೆಸಿ, ನೀರು ತುಂಬಿ, ಬಳ್ಳಿ ಸುತ್ತಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ತೇಜಾಬನ್ನು ಹೊರಗೆ ಬಿಟ್ಟರು. ಕೆಸರಿನ ಬಣ್ಣದ ನೀರು ಗಟಾರ ತುಂಬಿ ಹರಿಯಿತು. ಒಮ್ಮೆ ನೀರು ಹಾಕಿ ತೊಳೆದರು. ಇನ್ನೊಮ್ಮೆ ಬಾಯ್ಲರಿನ ಕಂಠದ ತನಕ ನೀರು ತುಂಬಿಸಿ ಹೊರಗೆ ಬಿಡುವುದಿತ್ತು, ಆಮೇಲೆ ತೇಜಾಬಿನ ಖಾರ ಮುರಿಯಲು ಸೋಡಾ ನೀರು. ಆದರೆ ತೇಜಾಬಿನಪ್ಪನವರಿಗೂ ಮನೆಯಲ್ಲಿ ಹಬ್ಬ, ಬಾಗಲಕೋಟೆಯ ಬಸ್ಸು ಹಿಡಿಯುವ ಆತುರ. “ಒಮ್ಮಿ ಬಾಯಿ ಬಿಚ್ಚಿ ನೋಡೂಣ್ರಿ, ಎಷ್ಟು ಬಿಟ್ಟೈತಿ,” ಎಂದರು. ನನ್ನ ಗಂಡ ಪಾನಾ ಹಿಡಿದು ಬೋಲ್ಟು ಸಡಿಲಿಸಿ ಮುಚ್ಚಳ ಬಿಚ್ಚಿದರು.

ನಾನು ಆಗ ಬಾಯ್ಲರ್ ಮನೆಯ ಬಾಗಿಲಲ್ಲಿ ಚಹಾದ ಕೆಟಲಿ ಹಿಡಿದು ನಿಂತಿದ್ದೆ. ಇವರು ಒಳಗೆ ಬಗ್ಗಿ ನೋಡಿ, “ಲೇ, ಬಾ ಇಲ್ಲಿ, ನೋಡಿಲ್ಲಿ! ಕನ್ನಡಿ ಆಗೇತಿ!” ಎಂದು ಹುಡುಗರಂತೆ ಕೂಗಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಹಿಂದಿನಿಂದ, “ಅತ್ತಾಗ ಸರಿ ಹುಡಿಗಿ,” ಎಂದು ಅತ್ತೆಯ ದನಿ ಬಂತು.

ಅತ್ತೆ ಆರತಿ ತಂದಿದ್ದರು. ಬಾಯ್ಲರಿನ ಬಾಯಿ ತೆರೆಯಿತು ಎಂದರೆ ಆರತಿ. ಇಷ್ಟು ವರ್ಷ ನಡೆದು ಬಂದದ್ದೇ ಅದು. ಐದು ಬತ್ತಿ ಉರಿಯುತ್ತಿದ್ದವು, ಗಾಳಿಗೆ ಒಂದು ಕೈ ಮರೆ ಮಾಡಿದ್ದರು. ನಾನು ಸರಿದು ದಾರಿ ಬಿಟ್ಟೆ. ಬೀಡಿಯ ಬುಟ್ಟಿ ಅಲ್ಲೇ ಬಾಗಿಲ ಬಳಿ ಇತ್ತು. ಅತ್ತೆ ಅದನ್ನು ದಾಟಿಕೊಂಡೇ ಒಳಗೆ ಹೋದರು. ಕೂಲಿಯವರು ಸರಿದು ನಿಂತರು. ಯಾರೊಬ್ಬರ ತಲೆಗೂ ಅದು ಬೆಂಕಿ ಎಂದು ಹೊಳೆಯಲಿಲ್ಲ. ಬೆಂಕಿ ಎಂದರೆ ಬೀಡಿ, ಬೆಂಕಿ ಎಂದರೆ ಒಲೆ. ಆರತಿ ಎಂದರೆ ಆರತಿ.

ತೇಜಾಬಿನಪ್ಪ ಏನು ಮಾಡಿದರು ಗೊತ್ತೇ? ಕಾಲಿನ ಚಪ್ಪಲಿ ಬಿಟ್ಟರು. ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ, ಎರಡೂ ಕೈ ಮುಗಿದರು. ಬಳೆಯಿಲ್ಲದ ಕೈ ಹಿಡಿದ ಆರತಿಗೆ ಪರವೂರಿನ ಗಂಡಸು ಹೀಗೆ ಕೈ ಮುಗಿದದ್ದು ಕಂಡು ನನಗೆ ಅವರ ಮೇಲೆ ಬಹಳ ಗೌರವ ಬಂತು.

ಅತ್ತೆ ಆರತಿ ಎತ್ತಿದರು. ಒಂದು ಸುತ್ತೂ ಆಗಲಿಲ್ಲ.

ಭಪ್ ಎಂದಿತು. ನಾನು ಹೊರಗೆ ಯಾರದೋ ಮನೆಯ ಪಟಾಕಿ ಎಂದೇ ತಿಳಿದೆ. ಬಾಯ್ಲರಿನ ಬಾಯಿಂದ ಬಂದ ಝಳ ನನ್ನ ಮುಖಕ್ಕೆ ಬಡಿದ ಮೇಲೂ ಹಾಗೇ ತಿಳಿದಿದ್ದೆ. ಆರತಿ ತಟ್ಟೆ ಗಿರಗಿರ ತಿರುಗುತ್ತ ನನ್ನ ಕಾಲ ಬಳಿ ಬಂದು ಬಿತ್ತು. ಬತ್ತಿಗಳೆಲ್ಲ ಚೆಲ್ಲಾಪಿಲ್ಲಿ. ಅತ್ತೆ ನೆಲದ ಮೇಲೆ ಕೂತಿದ್ದರು, ಸೆರಗಿನ ಅಂಚು ಹೊಗೆಯಾಡುತ್ತಿತ್ತು. ಇವರು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ನಿಂತೇ ಇದ್ದರು. ಕೂಗಲಿಲ್ಲ. ಅದೇ ನನ್ನ ಜೀವ ಹಾರಿಸಿತು. ಕೂಗಿದ್ದರೆ ಏನಾಯಿತೆಂದು ತಿಳಿಯುತ್ತಿತ್ತು. ನನ್ನ ಕೈಯಲ್ಲಿ ಚಹಾದ ಕೆಟಲಿ ಇನ್ನೂ ನೆಟ್ಟಗೆ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

“ನೀರು! ಕಣ್ಣಿಗೆ ನೀರು ಹಾಕ್ರಿ! ತೇಜಾಬು ಸಿಡದೈತಿ!” ಎಂದು ತೇಜಾಬಿನಪ್ಪ ಅರಚಿದಾಗ ನನಗೆ ಕಾಲು ಬಂದವು. ನಾನೂ ಒಬ್ಬ ಕೂಲಿಯವನೂ ಇವರನ್ನು ಹಿಡಿದುಕೊಂಡು ಮನೆಯ ಬಚ್ಚಲಿಗೆ ಓಡಿದೆವು. ಪೂಜೆ ಮಾಡಿದ ಹಂಡೆ ತುಂಬಿ ತುಳುಕುತ್ತಿತ್ತು. ಬಳ್ಳಿ ಕಿತ್ತು ಬಿಸಾಕಿದೆ. ತಂಬಿಗೆ ಮೇಲೆ ತಂಬಿಗೆ ಅವರ ಮುಖದ ಮೇಲೆ ಸುರಿದೆ. ನಾಳೆ ನಸುಕಿನಲ್ಲಿ ಎಣ್ಣೆ ಹಚ್ಚಿ ಅವರ ತಲೆಗೆ ಹಾಕಬೇಕಿದ್ದ ನೀರು ಅದು. ಹಂಡೆ ಬರಿದಾಗುವ ತನಕ ಹಾಕಿದೆ. ಹುಬ್ಬು ಇರಲಿಲ್ಲ, ರೆಪ್ಪೆ ಇರಲಿಲ್ಲ. “ಕಣ್ಣು ತಗೀರಿ, ತಗೀರಿ,” ಎಂದು ನಾನು ಬೈಯುತ್ತಿದ್ದೆ. ಅಳುವ ಬದಲು ಬೈಯುತ್ತಿದ್ದೆ. ಎಡಗಣ್ಣು ತೆರೆಯಲೇ ಇಲ್ಲ.

ನೂಲು ಸಾಗಿಸುವ ಲಾರಿಯಲ್ಲಿ ಅವರನ್ನು ಹುನಗುಂದದ ದವಾಖಾನೆಗೆ ಒಯ್ದೆವು. ಅಲ್ಲಿ ಮತ್ತೆ ತೊಳೆದು, ಮುಲಾಮು ಹಚ್ಚಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, “ಬಾಗಲಕೋಟಿಗೆ ಹೋಗ್ರಿ, ಇಲ್ಲಿ ಆಗೂದಲ್ಲ,” ಎಂದರು. ದಾರಿಯುದ್ದಕ್ಕೂ ಪ್ರತಿ ಊರಿನಲ್ಲಿ ಹಣತೆ ಹಚ್ಚಿಟ್ಟಿದ್ದರು. ಅತ್ತೆ ಲಾರಿಯಲ್ಲಿ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು, ಆ ದೀಪಗಳು ಕಾಣದಂತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದರು. ಅಂಗೈಯಲ್ಲಿ ಎದ್ದ ಬೊಬ್ಬೆ ಯಾರಿಗೂ ತೋರಿಸಿರಲಿಲ್ಲ. ಮರುದಿನ ನಾನೇ ಕಂಡು ಹಿಡಿದೆ.

ಬಾಗಲಕೋಟೆಯ ದವಾಖಾನೆಯ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಪಟ್ಟಿ ಬಿಚ್ಚುವ ತನಕ ಏನೂ ಹೇಳಲಾರೆ ಎಂದರು. ಬಾಯ್ಲರಿನವನಿಗೆ ಕಣ್ಣೇ ಕೆಲಸ. ಬಾಯ್ಲರಿನ ಮಗ್ಗುಲಲ್ಲಿ ಒಂದು ಗಾಜಿನ ನಳಿಗೆ ಇರುತ್ತದೆ. ಒಳಗೆ ನೀರು ಎಷ್ಟಿದೆ ಎಂದು ಅದರಲ್ಲೇ ನೋಡಿಕೊಳ್ಳುತ್ತಿರಬೇಕು. ನೀರು ಇಳಿದದ್ದು ಕಾಣದಿದ್ದರೆ ಬಾಯ್ಲರೇ ಒಡೆದೀತು. ಇವರು ಪಟ್ಟಿ ಕಟ್ಟಿಕೊಂಡು ಮಲಗಿದ್ದಲ್ಲೇ, “ಆ ಗಾಜು ನೋಡಾಕ ಒಂದು ಕಣ್ಣು ಸಾಕೇನ?” ಎಂದು ಒಮ್ಮೆ ಕೇಳಿದರು.

ಕೆಲವು ದಿನ ಬಿಟ್ಟು ತೇಜಾಬಿನಪ್ಪ ನೋಡಲು ಬಂದರು. ಅವರ ಮೀಸೆ ಸುಟ್ಟು ಹೋಗಿತ್ತು, ಕೆನ್ನೆಯ ಮೇಲೆ ಕಲೆ. ಕಣ್ಣು ಮಾತ್ರ ಎರಡೂ ಚೆನ್ನಾಗಿದ್ದವು. ಕೈ ಮುಗಿಯುವಾಗ ಮುಚ್ಚಿದ್ದರಲ್ಲ! ಅವರನ್ನು ಕಂಡದ್ದೇ ನನ್ನ ಮೈ ಉರಿಯಿತು. ವರಾಂಡಕ್ಕೆ ಎಳೆದೊಯ್ದು ಕೇಳಿದೆ. “ಏನಿತ್ರಿ ಅದರಾಗ? ಖರೆ ಹೇಳ್ರಿ.”

ಅವರು ತಲೆ ಎತ್ತದೆ ಹೇಳಿದರು. “ಔಷಧ ಬೆರಸಿದ್ರೂ ತೇಜಾಬು ಒಂದೀಟು ಕಬ್ಬಣಾ ತಿಂತೈತ್ರಿ. ತಿಂದಾಗ ಒಂದು ಗ್ಯಾಸ್ ಬರ್ತೈತಿ. ಕಣ್ಣಿಗಿ ಕಾಣೂದಿಲ್ಲ, ವಾಸನಿ ಇಲ್ಲ. ಬೆಂಕಿ ಕಂಡ್ರ ಹತ್ತತೈತಿ. ಕಂಠಮಟ ನೀರು ತುಂಬಿಸಿ ಅದನ್ನ ಹೊರಗ ಹಾಕಿ, ಆಮ್ಯಾಲ ಬಾಯಿ ಬಿಚ್ಚಬೇಕಿತ್ತು.”

“ಅದಕ್ಕ ಬೀಡಿ ಇಸ್ಕೊಂಡ್ರಿ?”

“ಹೂನ್ರಿ.”

“ಮತ್ತ ಆರತಿ ಬಂದಾಗ ಯಾಕ ಸುಮ್ಮನಿದ್ರಿ? ನಿಮ್ಮ ಕಣ್ಣ ಮುಂದನ ಬಂತಲ್ಲ!”

ಅವರು ನನ್ನ ಮುಖವನ್ನೇ ನೋಡಿದರು. ಆ ಪ್ರಶ್ನೆ ಅವರಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲವೇನೋ ಎಂಬಂತೆ ಗಾಬರಿಯಾದರು. “ಆರತಿ ಬಂದ್ರ... ಕೈ ಮುಗೀಬೇಕಲ್ರಿ ತಂಗಿ,” ಎಂದರು. ಅಷ್ಟು ಹೇಳಿ, ವರಾಂಡದ ಕಟ್ಟೆಯ ಮೇಲೆ ಕೂತು ದೊಡ್ಡ ದನಿ ತೆಗೆದು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಸಿಟ್ಟೂ ಉಳಿಯಲಿಲ್ಲ. ಅವರ ಜಾಗದಲ್ಲಿ ನಿಂತಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ ಎಂಬುದು ನನ್ನನ್ನು ಇವತ್ತಿಗೂ ಬೆಚ್ಚಿಬೀಳಿಸುತ್ತದೆ.

ಇಳಕಲ್ಲಿನಲ್ಲಿ ಮಾತ್ರ ಜನರಿಗೆ ಗ್ಯಾಸೂ ಬೇಕಿರಲಿಲ್ಲ, ತೇಜಾಬೂ ಬೇಕಿರಲಿಲ್ಲ. ಕಾರಣ ಅವರ ಬಳಿ ಸಿದ್ಧವಿತ್ತು. ಸಂಬಂಧಿಕರ ಪೈಕಿ ಒಬ್ಬಾಕೆ ರೊಟ್ಟಿ ಬುತ್ತಿ ಕಟ್ಟಿಕೊಂಡು ದವಾಖಾನೆಗೆ ಬಂದವಳು, ಅತ್ತೆಗೆ ಕೇಳುವ ಹಾಗೆಯೇ ನನ್ನ ಕಿವಿಯಲ್ಲಿ ಅಂದಳು: “ಗಂಡ ಸತ್ತಾಕಿ ಆರತಿ ಬೆಳಗಿದ್ರ ಇನ್ನೇನ ಆಗತೈತಿ?”

ನನಗೆ ಸಿಡಿಲು ಹೊಡೆದಂತಾಯಿತು. ಆ ಬೆಂಕಿಗಿಂತ ಈ ಮಾತಿಗೇ ನಾನು ಹೆಚ್ಚು ನಡುಗಿದೆ. “ಆ ಗ್ಯಾಸಿಗೆ ಮುತ್ತೈದಿ ಯಾರು, ಮುಂಡಿ ಯಾರು ಗೊತ್ತಾಗತೈತೇನ ನಿನಗ? ನಾ ಬೆಳಗಿದ್ರೂ ಹತ್ತತಿತ್ತು. ನೀ ಬೆಳಗಿದ್ರೂ ಹತ್ತತಿತ್ತು. ಎದ್ದು ನಡಿ ಇಲ್ಲಿಂದ!” ಎಂದು ಬುತ್ತಿಯನ್ನು ಅವಳ ಕೈಗೇ ತುರುಕಿದೆ. ವಾರ್ಡಿನವರೆಲ್ಲ ನೋಡುತ್ತಿದ್ದರು. ನೋಡಲಿ.

ಆದರೆ ಅತ್ತೆ ನನ್ನ ಮಾತು ನಂಬಲಿಲ್ಲ, ಅವಳ ಮಾತು ನಂಬಿದರು. ಅಂದಿನಿಂದ ಮಗನ ಮಂಚದ ಹತ್ತಿರ ಬರುವುದೇ ಬಿಟ್ಟರು. ವಾರ್ಡಿನ ಹೊಸ್ತಿಲ ಆಚೆ ಕೂತಿರುತ್ತಿದ್ದರು. ಮುಸ್ಸಂಜೆಗೆ ದೇವರ ನೆನಪಾದರೆ ಕತ್ತಲಲ್ಲೇ ಲಿಂಗ ಹಿಡಿದು ಕೂರುತ್ತಿದ್ದರು. ಸಿಸ್ಟರು ಸೂಜಿ ಕುದಿಸಲು ಸ್ಟೋವ್ ಹಚ್ಚಿದರೆ ಸಾಕು, ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಸೂಜಿ ಕುದಿಸುವ ಆ ಡಬ್ಬಿಯ ಒಳಗೂ ಬಿಳಿ ಚಕ್ಕೆ ಕಟ್ಟಿತ್ತು. ನನಗೆ ಅದನ್ನು ಕಿತ್ತು ಎಸೆಯಬೇಕೆನಿಸುತ್ತಿತ್ತು.

ಕೊನೆಗೆ ಪಟ್ಟಿ ಬಿಚ್ಚುವ ದಿನ ಬಂತು. ಕಿಟಕಿಗಳಿಗೆ ಕಪ್ಪು ಪರದೆ ಎಳೆದ ಒಂದು ಕೋಣೆ. ಡಾಕ್ಟರು ಪಟ್ಟಿ ಬಿಚ್ಚಿ ಟಾರ್ಚ್ ಒತ್ತಿದರು, ಸೆಲ್ಲು ಸತ್ತಿದ್ದವು. ಕರೆಂಟೂ ಇರಲಿಲ್ಲ. “ಒಂದು ಮೇಣಬತ್ತಿ ಹಚ್ಚಿ ತರ್ರಿ,” ಎಂದರು. ಸಿಸ್ಟರು ಕಡ್ಡಿ ಗೀರಿದ ಸದ್ದಿಗೆ ಹೊಸ್ತಿಲಲ್ಲಿದ್ದ ಅತ್ತೆ ದಡಕ್ಕನೆ ಎದ್ದರು. ಇವರು ಕಣ್ಣು ಮುಚ್ಚಿಕೊಂಡೇ ಆ ಕಡೆ ಮುಖ ತಿರುಗಿಸಿದರು.

“ಎಲ್ಲಿ ಹೊಂಟಿ ಯವ್ವಾ? ಒಳಗ ಬಾ. ನೀನೇ ಹಿಡಿ.”

“ಬ್ಯಾಡೋ ನನ್ನಪಾ. ನನ್ನ ಕೈಯಾಗ ಬ್ಯಾಡ.”

“ನೀ ಹಿಡದ್ರನ ನಾ ಕಣ್ಣು ತಗೀತೇನಿ.”

ಅತ್ತೆ ನನ್ನ ಕಡೆ ನೋಡಿದರು. ನಾನು ಸಿಸ್ಟರ ಕೈಯಿಂದ ಮೇಣಬತ್ತಿ ಇಸಿದುಕೊಂಡು ಅತ್ತೆಯ ಬೊಬ್ಬೆ ಮಾಗಿದ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ. ಮಗನ ಮುಖದೆದುರು ಅವರು ಅದನ್ನು ಹಿಡಿದರು. ಕೈ ಗಡಗಡ ನಡುಗುತ್ತಿತ್ತು. ಡಾಕ್ಟರು ಇವರ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, “ಅಮ್ಮಾ, ಸಾವಕಾಶ ಆ ಕಡಿ ಈ ಕಡಿ ಆಡಸ್ರಿ. ನೀವು ಎಲ್ಲಿ ಕಾಣತೈತಿ ಹೇಳ್ರಿ,” ಎಂದರು.

“ಎಡಕ್ಕ... ಮ್ಯಾಲ... ಬಲಕ್ಕ... ಕೆಳಗ...” ಇವರು ಹೇಳುತ್ತ ಹೋದರು. ಅತ್ತೆಯ ಕೈ ತನಗೆ ತಾನೇ ದುಂಡಗೆ ತಿರುಗುತ್ತಿತ್ತು. ಇವರು ನಕ್ಕೇಬಿಟ್ಟರು. “ಯವ್ವಾ, ಆರತಿ ಮಾಡಾಕತ್ತೀಯಲ್ಲ!”

ಅಷ್ಟು ದಿನಗಳಲ್ಲಿ ಮೊದಲ ಬಾರಿ ಅತ್ತೆಯ ಮುಖ ಅರಳಿತು. ನನಗೂ ಉಸಿರು ಬಂತು. ಡಾಕ್ಟರು ಕೈ ತೆಗೆದು, ಈಗ ಬಲಗಣ್ಣನ್ನು ಮುಚ್ಚಿದರು. ಅತ್ತೆ ಅದೇ ಹುರುಪಿನಲ್ಲಿ ಮೇಣಬತ್ತಿಯನ್ನು ಇನ್ನಷ್ಟು ಹತ್ತಿರ ತಂದು ಬೆಳಗಿದರು. ಎಡಗಣ್ಣು ಅಗಲವಾಗಿ ತೆರೆದೇ ಇತ್ತು. ಇವರು ಮುಖ ಆಚೀಚೆ ಮಾಡಿ ಕೇಳಿದರು:

“ದೀಪ ಶಾಂತ ಆತೇನ ಯವ್ವಾ?”

ಡಾಕ್ಟರು ನನ್ನನ್ನು ನೋಡಿದರು. ಮೇಣಬತ್ತಿ ನೆಟ್ಟಗೆ ಉರಿಯುತ್ತಿತ್ತು. ಕರಗಿದ ಮೇಣ ಅತ್ತೆಯ ಬೆರಳ ಮೇಲೆ ಇಳಿಯುತ್ತಿತ್ತು. ಈಗ ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

“ಹೂನಪಾ,” ಎಂದರು ಅತ್ತೆ. “ಶಾಂತ ಆತು.”